ಎರಡು ಮನೆ ಕೆಳಗೆ

ಬಾತ್ನಿಯಾ ಕೊಲ್ಲಿ ಹೆಪ್ಪುಗಟ್ಟಿತ್ತು.
ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ
ಅದರ ಕ್ಯಾಂಟೀನೇ ನನ್ನ ಸ್ಟುಡಿಯೋ.
ಜನವರಿಯ ಮೂರು ಗಂಟೆಯ ಕತ್ತಲಲ್ಲಿ
ಬೂಟಿನ ಹಿಮ ಕೊಡವುತ್ತ ಬಂದರು
ಇಪ್ಪತ್ತಾರು ವರ್ಷ ಮಾತು ಬಿಟ್ಟಿದ್ದ ಮೂವರು.
ಜಗಳ ಯಾತಕ್ಕೆ ಎಂದು ಕೇಳಿದೆ.
ಒಬ್ಬ ವ್ಯಾನು ಎಂದ, ಒಬ್ಬ ದುಡ್ಡು ಎಂದ,
ಒಬ್ಬನಿಗೆ ನೆನಪೇ ಇಲ್ಲ.

ಹಾಡುಗಾರ ರೈಮೊ ಈಗ ಶಾಲೆಯ ಬಸ್ಸು ಓಡಿಸುತ್ತಾನೆ.
ಓಸ್ಮೊನ ಬಾಸ್ ಗಿಟಾರಿನ ಪೆಟ್ಟಿಗೆಯೊಳಗೆ
ತಂತಿಯ ಜೊತೆ ಬಿ.ಪಿ. ಮಾತ್ರೆ.
ಡ್ರಮ್ಮಿನ ತೌನೊ ಕೂರುವ ಮೊದಲು
ಎರಡೂ ಕಿವಿಯ ಯಂತ್ರ ಕಿತ್ತು
ಕಾಫಿಯ ತಟ್ಟೆಯಲ್ಲಿಟ್ಟ,
ಕಟ್ಟಿಸಿದ ಹಲ್ಲನ್ನು ಬಿಚ್ಚಿಟ್ಟ ಹಾಗೆ.
ನನ್ನಮ್ಮ ಇವರ ಪೋಸ್ಟರಿಗೆ ಮುತ್ತಿಟ್ಟವಳು.
ನಾನು ಮೈಕಿನ ಎತ್ತರ ಸರಿಮಾಡಿದೆ.

ಮೊದಲ ಹಾಡು ಬಸ್ಸಿನದು:
ಕಟ್ಟಕಡೆಯ ನಿಲ್ದಾಣದಲ್ಲಿ ನಿದ್ದೆಹೋದ ಮಗು,
ಎಬ್ಬಿಸಲು ಮನಸ್ಸಾಗದ ಚಾಲಕ.
ಎರಡನೆಯದು ಬರೀ ಬೈಗುಳ, ಬ್ಯಾಂಕಿಗೆ.
ಮೂರನೆಯದರ ನಡುವೆ ಒಂದು ಮೇಲಿನ ಸ್ವರ.
ಅಂಥದ್ದನ್ನು ಹಿಂದೆ ರೈಮೊ
ಬೆರಳಲ್ಲಿ ಸಿಗರೇಟು ಹಿಡಿದೇ ಮುಟ್ಟುತ್ತಿದ್ದನಂತೆ.
ಈಗ ಹನ್ನೊಂದು ಸಲ ಏರಿದ,
ಹನ್ನೊಂದು ಸಲವೂ ದನಿ ಅರ್ಧಕ್ಕೇ ಬಿರಿಯಿತು.
ಕಂಪ್ಯೂಟರಿನಲ್ಲಿ ಎತ್ತಿ ಕೂರಿಸುತ್ತೇನೆ,
ಯಾರಿಗೂ ತಿಳಿಯದು, ಎಂದೆ.
ಆತ ನೀರು ಕುಡಿದ. ಮೀಸೆ ಒರೆಸಿಕೊಂಡ.
"ಹುಡುಗೀ, ನನಗೆ ಹತ್ತಲಾಗದಿದ್ದರೆ
ಅಟ್ಟವೇ ಇಳಿದು ಬರಲಿ."
ಇಡೀ ಹಾಡನ್ನು ಎರಡು ಮನೆ ಇಳಿಸಿದೆವು.
ಅಲ್ಲಿ, ಆ ತಗ್ಗಿನಲ್ಲಿ,
ಬೇರೆಯೇ ಒಬ್ಬ ಗಂಡಸು ಕಾದು ಕೂತಿದ್ದ,
ಒರಟ, ನಿಧಾನಿ,
ಸುಳ್ಳು ಹೇಳಲು ಪುರುಸೊತ್ತಿಲ್ಲದವನು.

ಆರನೆಯ ಹಾಡು ವೇಯ್ಕೊ ಸತ್ತದ್ದಕ್ಕಲ್ಲ.
ಅದು ಮೀನಿನ ಹಾಡು; ಮಂಜುಗಡ್ಡೆಗೆ ತೂತು ಕೊರೆದು
ಗಾಳ ಬಿಟ್ಟು ಕೂತವನ ಹಾಡು.
ಆದರೆ ಎರಡನೆಯ ಚರಣ ಮುಗಿದೊಡನೆ
ಮೂವರೂ ಎಡಮೂಲೆಗೆ ತಿರುಗಿದರು.
ಅಲ್ಲಿ ನನ್ನ ಹೀಟರು ಬಿಟ್ಟರೆ ಏನಿಲ್ಲ.
ಎಂಟು ಆವರ್ತ ಯಾರೂ ನುಡಿಸಲಿಲ್ಲ,
ತೌನೊ ಮಾತ್ರ ಹಿಮ್ಮಡಿಯಲ್ಲಿ ಲೆಕ್ಕ ಹಿಡಿದಿದ್ದ.
ಮರೆತರೆಂದು ನಾನು ಕೈ ಎತ್ತುವಷ್ಟರಲ್ಲಿ
ಮೂರನೆಯ ಚರಣ,
ಒಂದೇ ಏಟಿಗೆ, ಮೂವರೂ.

ಆ ಎಂಟು ಆವರ್ತದಲ್ಲಿ ಕುರ್ಚಿ ಕಿರುಗುಟ್ಟಿದೆ.
ಓಸ್ಮೊನ ಕೆಮ್ಮಿದೆ.
ದೂರದಲ್ಲೆಲ್ಲೋ ಹಿಮ ಬಾಚುವ ಗಾಡಿ.
ರಾತ್ರಿ ಕೂತು ಒಂದೊಂದನ್ನೇ ಅಳಿಸಿದೆ.
ಬೆಳಗಿನ ಜಾವ ಒಂದೊಂದನ್ನೇ ಮರಳಿ ತಂದೆ.
ಅಳಿಸಿ ಉಳಿದ ಮೌನ
ಯಾರದೂ ಆಗಿರಲಿಲ್ಲ.

ಒಂಬತ್ತು ಹಾಡು, ಮೂವತ್ತೆಂಟು ನಿಮಿಷ.
ಹೊದಿಕೆಗೆ ನಮ್ಮ ಮುಖ ಬೇಡ ಎಂದರು;
ಓಸ್ಮೊನ ಮೊಮ್ಮಗಳು ಬರೆದ ನಾಯಿ ಇದೆ,
ಐದು ಕಾಲಿನದು.
ಪೆಟ್ರೋಲ್ ಬಂಕಿನಲ್ಲಿ ಸಾಸೇಜಿನ ಪಕ್ಕ ಮಾರುತ್ತಾರೆ.
ಅಮ್ಮ ಎರಡು ಕೊಂಡಳು. ಒಂದನ್ನು ಇನ್ನೂ ಬಿಚ್ಚಿಲ್ಲ.

ನನಗೆ ಉಳಿದದ್ದು ಕೊನೆಯ ಹಾಡಿನ ಕೊನೆ.
ಕಂಚಿನ ತಟ್ಟೆಯ ಗುಂಯ್ ಇನ್ನೂ ಆರಿರಲಿಲ್ಲ,
ತೌನೊ ಬೆವರುಗೈಯಲ್ಲೇ ತಡಕಾಡಿ
ಒಂದು ಕಿವಿಗೆ ಸಿಕ್ಕಿಸಿದ,
ಇನ್ನೊಂದಕ್ಕೂ ಸಿಕ್ಕಿಸಿ
ಜೋರಾಗಿ ಕೇಳಿದ:
"ಹೇಗೆ ಕೇಳಿಸಿತು?"

ಅದೂ ರೆಕಾರ್ಡಿನಲ್ಲಿದೆ.