ಕೈ ತೊಳೆದುಕೊಳ್ಳುವುದು

ಸೆಪ್ಟೆಂಬರ್ ಬಂದರೂ ಲಿಮಾ ನದಿ ಕಡಲಿಗೆ ಬೀಳುವಲ್ಲಿ
ಬೇಸಿಗೆ ಇನ್ನೂ ಎದ್ದು ಹೋಗಿರಲಿಲ್ಲ.
ಟೆಲ್ಮೊ ಮಧ್ಯಾಹ್ನದ ಸೂಪು ಮುಟ್ಟಲಿಲ್ಲ.
ಕಿಟಕಿ ಮುಚ್ಚು ಬೆಂವಿಂದಾ, ಅಂದ,
ಬೆಳಕು ಕುಟ್ಟುತ್ತೆ.

ಚುಚ್ಚುತ್ತೆ ಅನ್ನಲಿಲ್ಲ, ಕುಟ್ಟುತ್ತೆ ಅಂದ.
ನಾಲ್ಕು ವರ್ಷ ಅವನಿಗೆ. ಮಾತು ಕಮ್ಮಿ, ಹಟ ಜಾಸ್ತಿ.
ನೋಡು, ಬೂಟಿನ ದಾರ ಬಿಚ್ಚಿದೆ, ಅಂದೆ.
ಬಗ್ಗಲಿಲ್ಲ.
ಯಾರಿಗೂ ಬಗ್ಗದವನು, ಇವತ್ತೇನು ಹೊಸದು ಅಂದುಕೊಂಡೆ.
ಆಮೇಲೆ ಕಂಡಿತು:
ಗಲ್ಲ ಎದೆಯ ಕಡೆ ಇಳಿಯಲೊಲ್ಲದು,
ಕತ್ತಿನೊಳಗೆ ಯಾರೋ ಕೋಲಿಟ್ಟು ಹೊಲಿದ ಹಾಗೆ.
ಹಣೆ ಬಾಣಲೆಯಂತೆ ಕಾದಿತ್ತು.

ದೆಲ್ಫಿನಾ ಮೀನು ಕಾರ್ಖಾನೆಯಿಂದ ಏಪ್ರನ್ನಿನಲ್ಲೇ ಓಡಿಬಂದಳು,
ಮುಂಗೈಗೆ ಬೂತಾಯಿಯ ಹುರುಪೆ ಅಂಟಿಕೊಂಡೇ.
ಮೆನಿಂಜೈಟಿಸ್ ಇರಬಹುದು ಅಂದರು ಆಸ್ಪತ್ರೆಯಲ್ಲಿ.
ಅವಳು ಗೋಡೆ ಹಿಡಿದಳು.
ಅವಳ ಬೀದಿಯಲ್ಲಿ ಹಿಂದೊಮ್ಮೆ ಆ ಪದ ಬಂದಿತ್ತು,
ಬೆಳಗಾಗುವುದರೊಳಗೆ ಒಂದು ಹುಡುಗಿಯನ್ನು ಒಯ್ದಿತ್ತು.

ಟೆಲ್ಮೊನನ್ನು ಸೀಗಡಿಯ ಹಾಗೆ ಮಡಿಸಿ ಮಲಗಿಸಿ
ಬೆನ್ನಿನಿಂದ ನೀರು ತೆಗೆದರು. ಮೂರು ಪುಟ್ಟ ಸೀಸೆ.
ಡಾಕ್ಟರ್ ವಾಷ್ಕು ಒಂದನ್ನು ದೀಪಕ್ಕೆ ಹಿಡಿದ:
ತಿಳಿಯಾಗಿದೆ, ಆದರೂ ಕಣ್ಣು ನಂಬಬಾರದು,
ಲ್ಯಾಬು ಹೇಳುವತನಕ ಆ್ಯಂಟಿಬಯಾಟಿಕ್ ಕೊಡೋಣ.

ಲ್ಯಾಬು ಎರಡು ದಿನ ಬಿಟ್ಟು ಹೇಳಿತು:
ಬ್ಯಾಕ್ಟೀರಿಯಾ ಅಲ್ಲ. ವೈರಸ್.
ಸೂಜಿ ಬಿಚ್ಚಿದರು.
ಮಿದುಳಿಗೊಂದು ಹೊದಿಕೆಯುಂಟು ತಾಯಿ,
ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು, ಅದು ಬಾತಿದೆ.
ಮದ್ದು? ಕೇಳಿದಳು ದೆಲ್ಫಿನಾ.
ಇದನ್ನು ಕೊಲ್ಲುವ ಮದ್ದಿಲ್ಲ.
ನೀರು, ಕತ್ತಲೆ ಕೋಣೆ, ನೋವಿಗೆ ಜ್ವರಕ್ಕೆ ಒಂದಿಷ್ಟು ಸಿರಪ್ಪು,
ಒಂದು ವಾರ, ಹೆಚ್ಚೆಂದರೆ ಹತ್ತು ದಿನ.
ಇಂಥವರು ಬಹುಪಾಲು ತಾವೇ ಎದ್ದು ಕೂರುತ್ತಾರೆ.

ಎಲ್ಲಿಂದ ಬಂತು ಅಂತಲೂ ಕೇಳಿದಳು.
ಡಾಕ್ಟರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಿತ್ತು.

ಹಿಂದಿನ ವಾರ ಪುಟ್ಟ ಬ್ರಿಟೆಸ್‌ಗೆ ಮೂಗು ಸೋರುತ್ತಿತ್ತು,
ಎರಡು ಸಲ ಭೇದಿ, ಮೂರನೆಯ ದಿನ ಮತ್ತೆ ಕೇಕೆ.
ಅವಳಿಗೆ ಅಷ್ಟೇ.
ಅದೇ ವೈರಸ್ಸು, ಹತ್ತು ಮಕ್ಕಳಲ್ಲಿ ನೆಗಡಿಯಾಗಿ ಮಲಗಿ
ಹನ್ನೊಂದನೆಯವನ ತಲೆಗೆ ಏರಿತು.
ನಡುವೆ ಇದ್ದದ್ದು ಒಂದು ಮರದ ಬಾತುಕೋಳಿ,
ಒಂದು ಒದ್ದೆ ಟವೆಲ್ಲು,
ಡೈಪರು ಬದಲಿಸಿ, ಗಡಿಬಿಡಿಯಲ್ಲಿ
ಏಪ್ರನ್ನಿಗೆ ಒರೆಸಿಕೊಂಡು ಬ್ರೆಡ್ಡು ಹಂಚಿದ
ನನ್ನ ಕೈ.
ಇರಬಹುದು. ಇಲ್ಲದೆಯೂ ಇರಬಹುದು.
ಇದರಲ್ಲಿ ಯಾರ ಕೈವಾಡ ಅಂತ ಜನ ಪಿಸುಗುಟ್ಟಿದರು.
ಕೈವಾಡವೇ. ಅದಕ್ಕಿಂತ ಸರಿಯಾದ ಪದವಿಲ್ಲ.

ನಮ್ಮ ಇಗರ್ಜಿಯ ನೀಲಿ ಹೆಂಚಿನ ಗೋಡೆಯಲ್ಲಿ
ಅಧಿಕಾರಿಯೊಬ್ಬ ಬೋಗುಣಿಯ ಮುಂದೆ ನಿಂತಿದ್ದಾನೆ,
ನನಗೂ ಇದಕ್ಕೂ ಸಂಬಂಧವಿಲ್ಲ ಅಂತ
ಕೈ ತೊಳೆದುಕೊಳ್ಳುತ್ತ.
ಐವತ್ತು ವರ್ಷದಿಂದ ನೋಡುತ್ತಿದ್ದೇನೆ.
ನಾನು ತೊಳೆಯುವುದು ಸಂಬಂಧವಿದೆ ಅಂತ.

ಶಿಶುವಿಹಾರ ಮುಚ್ಚುವುದು ಬೇಡ ಅಂದರು ಆರೋಗ್ಯ ಇಲಾಖೆಯವರು.
ಬಾತುಕೋಳಿ ಬ್ಲೀಚಿನ ನೀರಲ್ಲಿ ಮುಳುಗಿ ಬಣ್ಣ ಕಳೆದುಕೊಂಡಿತು.
ಒಂದೊಂದು ಮೂಗಿಗೂ ಒಂದೊಂದು ಟವೆಲ್ಲು.
ಗೋಡೆಗೆ ತೂಗುಹಾಕಿದ ಜೆಲ್ಲು ಈ ವೈರಸ್ಸಿಗೆ ಅಷ್ಟಾಗಿ ಅಂಜದು,
ಸೋಪು ಬೇಕು, ಹರಿವ ನೀರು ಬೇಕು,
ಬೆರಳ ಸಂದು, ಉಗುರ ಬುಡ, ಹೆಬ್ಬೆರಳು
(ಹೆಬ್ಬೆರಳನ್ನು ಎಲ್ಲರೂ ಮರೆಯುತ್ತಾರೆ),
ಇಪ್ಪತ್ತರ ತನಕ ಎಣಿಕೆ.
ಮಕ್ಕಳು ಹನ್ನೆರಡಾದ ಮೇಲೆ ಹದಿನೇಳಕ್ಕೆ ಹಾರುತ್ತಾರೆ.
ನಾನು ಹಿಂದಕ್ಕೆ ಎಳೆದು ತರುತ್ತೇನೆ.

ಹದಿನೈದನೆಯ ದಿನ ಟೆಲ್ಮೊ ಬಂದ,
ಸ್ವಲ್ಪ ಇಳಿದಿದ್ದ, ಹಟ ಇಳಿದಿರಲಿಲ್ಲ.
ಹುಷಾರಾದ ಹುಡುಗನ ಹೊಟ್ಟೆಯಿಂದ ಇನ್ನೂ ಕೆಲವು ವಾರ
ವೈರಸ್ಸು ಸದ್ದಿಲ್ಲದೆ ಹೊರಬೀಳುತ್ತಿರಬಹುದಂತೆ.
ಅದಕ್ಕೇನು ಅವನನ್ನು ದೂರ ಕೂರಿಸಲೇ?
ಎತ್ತಿಕೊಂಡೆ. ಕಕ್ಕಸಿಗೆ ಕರೆದೊಯ್ದೆ. ಆಮೇಲೆ
ಇಬ್ಬರೂ ನಲ್ಲಿಯ ಮುಂದೆ, ನಾಲ್ಕು ಕೈ ನೊರೆಯಲ್ಲಿ.

ಈ ನೀರು ಎಲ್ಲಿಗೆ ಹೋಗುತ್ತೆ ಬೆಂವಿಂದಾ?
ಅಂತ ತೂತಿನೊಳಗೆ ಇಣುಕಲು
ಬಗ್ಗಿದ.
ಗಲ್ಲ ಎದೆಗೆ ತಾಗಿತು.

ಎಷ್ಟಕ್ಕೆ ಬಂದಿದ್ದೆವೋ ಮರೆತುಹೋಯಿತು.
ಒಂದರಿಂದ ಮತ್ತೆ ಶುರುಮಾಡಿದೆವು.