ಎರಡನೇ ದಿಬ್ಬದ ಮುಂದೆ

ರಾತ್ರಿ ಎರಡೂವರೆ. ಒಬಿಹಿರೊ.
ಮೈನಸ್ ಇಪ್ಪತ್ತೊಂದು ಎನ್ನುತ್ತದೆ ಲಾಯದ ಗೋಡೆಯ ಪಾದರಸ,
ಅದೂ ಮುದುಡಿಕೊಂಡೇ ಹೇಳುತ್ತದೆ.
ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು
ಬರಿಗೈಯನ್ನು ನಿನ್ನ ಮುಂಗಾಲ ಸಂದಿಗೆ ತೂರಿಸುತ್ತೇನೆ:
ಈ ಹೊತ್ತಿನಲ್ಲಿ ಊರಿಗೆಲ್ಲ ಇದೊಂದೇ ಒಲೆ.

ಯುಕಿಗುಮೊ, ಏಳು ಎನ್ನುವುದಿಲ್ಲ ನಾನು.
ನೀನು ಮಲಗೇ ಇಲ್ಲವೆಂದು ಹುಲ್ಲು ಹೇಳಿತು,
ನಿನ್ನೆ ಹಾಸಿದ ಹಾಗೇ ಇದೆ.
ನಾನೂ ಮಲಗಲಿಲ್ಲ.
ನನ್ನ ಹಾಸಿಗೆಯನ್ನು ಯಾರೂ ಪರೀಕ್ಷಿಸುವುದಿಲ್ಲ, ಅಷ್ಟೇ.

ನವೆಂಬರಿನ ಆ ಭಾನುವಾರ
ಎರಡನೇ ದಿಬ್ಬದ ನಡುವೆ ನೀನು ಮಂಡಿಯೂರಿದೆ.
ಬೆನ್ನ ಹಿಂದೆ ಏಳುನೂರು ಕಿಲೋ ಕಬ್ಬಿಣದ ಜಾರುಬಂಡಿ,
ಅದರ ಮೇಲೆ ನಿಂತು ಲಗಾಮು ಜಗ್ಗುವ ಮನುಷ್ಯ,
ಬೇಲಿಯುದ್ದಕ್ಕೂ ನಿನ್ನ ಜೊತೆಗೇ ನಡೆದು ಬಂದ ಜನ.
(ಇಲ್ಲಿ ನೋಡುವವರದೂ ಕುದುರೆಯದೂ ಒಂದೇ ನಡಿಗೆ.)
ಎಲ್ಲರೂ ಕೂಗಿದರು.
ಒಬ್ಬ ಮುದುಕ ಮಾತ್ರ ಟೋಪಿ ತೆಗೆದು ನಿಂತ.
ಯಾಕೋ, ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಮರಳ ದಿಬ್ಬ ಕಂಡರೆ ಸಾಕು,
ಕಿವಿಗಳು ಕತ್ತಿಗೆ ಅಂಟಿಕೊಳ್ಳುತ್ತವೆ,
ಒಂದು ಟನ್ ತೂಗುವ ನೀನು
ಬಾಗಿಲ ಸಂದಿಯಲ್ಲಿ ನುಸುಳಲು ನೋಡುವ ಬೆಕ್ಕಾಗುತ್ತೀ.

ಪಶುವೈದ್ಯೆ ಬಂದಳು, ಕಾಲು ಒತ್ತಿದಳು,
ಮೂಳೆ ಸರಿ, ಸ್ನಾಯು ಸರಿ ಎಂದು ರಸೀದಿ ಹರಿದಳು.
ಒನೊದೆರಾ ಸಾನ್, ಹಚ್ಚದ ಸಿಗರೇಟು ತುಟಿಯಲ್ಲಿ:
'ಹಾಗಾದರೆ ಮುಲಾಮು ಹಚ್ಚುವ ಜಾಗದಲ್ಲಿಲ್ಲ ಅದು.
ಮಿಸುಜು, ದಿಬ್ಬದ ಹತ್ತಿರ ಕರೆದುಕೊಂಡು ಹೋಗು.
ಎಳೆಸಬೇಡ. ಸುಮ್ಮನೆ ನಿಲ್ಲಿಸು.'

ಮೊದಲ ವಾರ ದೂರದಿಂದ ನೋಡಿದೆವು,
ಮಾತು ಬಿಟ್ಟ ನೆಂಟರ ಮನೆಯ ಮುಂದೆ ಹಾಯುವವರಂತೆ.
ಎರಡನೇ ವಾರ ಬರಿಮೈಯಲ್ಲಿ ಹತ್ತಿದೆವು.
ನೆತ್ತಿಯಲ್ಲಿ ನಿಂತು ನೀನು ಧಾರಾಳವಾಗಿ ಉಚ್ಚೆ ಹೊಯ್ದೆ.
ನಾನು ಚಪ್ಪಾಳೆ ತಟ್ಟಿದೆ.
ಅಷ್ಟು ಮರಳಾದರೂ ನಿನ್ನದಾಯಿತಲ್ಲ.
ಆಮೇಲೆ ಖಾಲಿ ಬಂಡಿ. ಆಮೇಲೆ ಒಂದು ಹಲಗೆ ಕಬ್ಬಿಣ. ಇನ್ನೊಂದು.
ಏರುವ ಮುನ್ನ ಪ್ರತಿಸಲವೂ ನಿಂತೆವು,
ಹತ್ತು ಉಸಿರು, ಹದಿನಾಲ್ಕು ಉಸಿರು,
ನಿನ್ನ ಮೂಗಿನ ಹಬೆ ನನ್ನ ಹುಬ್ಬಿನ ಮೇಲೆ
ಬೆಳ್ಳಗೆ ಹೆಪ್ಪುಗಟ್ಟುವ ತನಕ.

ಬೇರೆ ಕಡೆ ಕುದುರೆಗೆ ಓಡಲು ಕಲಿಸುತ್ತಾರಂತೆ.
ಇಲ್ಲಿ ನಿಲ್ಲಲು ಕಲಿಸಬೇಕು.
ಪಕ್ಕದವನು ಹತ್ತಿ ಇಳಿದು ಹೋದರೂ ನಿಲ್ಲಲು;
ನಿಂತದ್ದು ಸೋತದ್ದಲ್ಲ ಎಂದು
ತೊಡೆಗಳನ್ನು ಒಪ್ಪಿಸಲು.

ಗದ್ದಲ ರೂಢಿಯಾಗಲಿ ಎಂದು
ಆ ಭಾನುವಾರದ ವಿಡಿಯೊವನ್ನು ಮೊಬೈಲಿನಲ್ಲಿ ಹಾಕಿ
ಮೇವಿನ ಬಕೆಟ್ಟಿನ ಪಕ್ಕ ಇಡುತ್ತಿದ್ದೆ, ಮೊದಲು ಪಿಸುಮಾತಿನಷ್ಟು,
ದಿನಕ್ಕೊಂದು ಗೆರೆ ಏರಿಸುತ್ತ.
ತುತ್ತೂರಿಗೆ ನೀನು ಮೆಲುಕು ನಿಲ್ಲಿಸಲಿಲ್ಲ.
ಚಾವಟಿಯ ಸದ್ದಿಗೆ ಕೂಡ.
ಒಂದೇ ಒಂದು ಕಡೆ ದವಡೆ ತಟಸ್ಥ, ಕಣ್ಣಿನಲ್ಲಿ ಬಿಳಿ.
ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಅಲ್ಲೇ.
ಮತ್ತೆ. ಅಲ್ಲೇ.
ಕಿವಿಗೆ ಹಿಡಿದು ಕೇಳಿದೆ:
ಎಲ್ಲರಿಗಿಂತ ಜೋರಾಗಿ, ಸೀಳಿದ ಗಂಟಲಿನಿಂದ, ಏಳೋ, ಏಳೋ ಎಂದು
ಕೂಗುತ್ತಿದ್ದವಳು ನಾನು.
ಆ ಸಾವಿರ ಬಾಯಿಗಳಲ್ಲಿ
ನಿನಗೆ ಗುರುತಿದ್ದ ಒಂದೇ ದನಿ.

ಅಳಿಸಿದೆ. ಅಳಿಸಿದ್ದನ್ನು ನಿನಗೆ ಹೇಗೆ ತಿಳಿಸುವುದು?
ಬಿಸಿನೀರಲ್ಲಿ ಬೀಟ್‌ರೂಟಿನ ತಿರುಳು ನೆನೆಸಿ ತಂದೆ.
ತಿಂದೆ. ಕ್ಷಮಿಸಿದೆ ಎಂದಲ್ಲ, ಹಸಿವಾಗಿತ್ತು.

ಇವತ್ತು ಸಂಜೆ ಐದನೇ ರೇಸು. ಆರುನೂರೈವತ್ತು ಕಿಲೋ.
ಜುಟ್ಟಿಗೆ ಕೆಂಪು ದಾರ ಹೆಣೆಯುತ್ತೇನೆ,
ಗಂಟು ಸಡಿಲ, ಕೈ ಸಡಿಲ.
ಗೆರೆ ದಾಟಬೇಕಾದ್ದು ನಿನ್ನ ಮೂಗಲ್ಲ,
ಬಂಡಿಯ ಹಿಂದಿನ ಕೊನೆ. ಇಲ್ಲಿನ ಕಾನೂನು ಹಾಗೆ.
ಹಿಂದೆ ಕಟ್ಟಿದ್ದೆಲ್ಲ ದಾಟಬೇಕು.

ದಿಬ್ಬದ ಮುಂದೆ ಸವಾರ ನಿಲ್ಲಿಸುತ್ತಾನೆ. ಜನ ಕೂಗುತ್ತಾರೆ.
ಬೇಲಿಯ ಹತ್ತಿರ ನಾನಿರುತ್ತೇನೆ, ಬಾಯಿ ಮುಚ್ಚಿ,
ಜೇಬಿನಲ್ಲಿ ಕ್ಯಾರೆಟ್ಟಿನ ಚೂರು.
ನಿನ್ನ ಎಡಗಿವಿ ನನ್ನನ್ನು ಹುಡುಕಿದರೆ
ಬರೀ ಉಸಿರು ಸಿಗುತ್ತದೆ.
ಎಣಿಸಿಕೋ.
ಹದಿನಾಲ್ಕಾದ ಮೇಲೆ
ನಿನಗೆ ಬಿಟ್ಟದ್ದು.