ಎಚ್ಚರವಿದ್ದವರಿಗೆ

ಫ್ಲಾನೆಲ್ ಬಟ್ಟೆಯ ಬೋರ್ಡಿನ ಮೇಲೆ
ಯೋಸೇಫನನ್ನು ಅಂಟಿಸಿದೆ, ಮಲಗಿದ ಭಂಗಿಯಲ್ಲಿ.
ಕತ್ತೆಗೆ ಒಂದು ಕಿವಿ ಇಲ್ಲ, ಹೋದ ವರ್ಷದ ಮಕ್ಕಳು ಕಿತ್ತದ್ದು.
ಇಡೀ ಸುವಾರ್ತೆಯಲ್ಲಿ ಈ ಬಡಗಿ
ಒಂದೇ ಒಂದು ಮಾತಾಡಿಲ್ಲ, ಗೊತ್ತಾ ನಿಮಗೆ?
ಮಲಗುತ್ತಾನೆ. ಕನಸು ಬೀಳುತ್ತದೆ. ಏಳುತ್ತಾನೆ.
ಏಳು ಅಂದರೆ ಏಳುವವನು,
ಬೆಳಗಾಗಲಿ ನೋಡೋಣ ಅನ್ನದವನು.
ಹೀಗೆ ಮಗು ಉಳಿಯಿತು, ಐಗುಪ್ತ ಸೇರಿತು ಎಂದು
ಕಥೆ ಮುಗಿಸಿ ಬಿಸ್ಕತ್ತಿನ ಡಬ್ಬ ತೆರೆಯುವಷ್ಟರಲ್ಲಿ

ಕೆಜಿಯಾ ಕೈ ಎತ್ತಿದಳು.
ಏಳು ವರ್ಷ, ಮುಂದಿನ ಹಲ್ಲೆರಡು ಇಲ್ಲ.
"ಟೀಚರ್, ಆ ರಾತ್ರಿ ಬೇತ್ಲೆಹೇಮಲ್ಲಿ
ಬೇರೆ ಪಾಪುಗಳ ಅಮ್ಮಂದಿರೂ ಇದ್ರಲ್ವಾ?
ಅವರ ಕನಸಲ್ಲಿ ಯಾಕೆ ಯಾರೂ ಬರ್ಲಿಲ್ಲ?"

ಇಪ್ಪತ್ತೆರಡು ವರ್ಷದಿಂದ ಈ ಪಾಠ ಹೇಳುತ್ತಿದ್ದೇನೆ.
ಬಿಸ್ಕತ್ತು ಹಂಚಿದೆ.
ಎಲ್ಲರಿಗೂ ಎರಡು, ಅವಳಿಗೆ ಮೂರು.

ಪಾದ್ರಿಗಳನ್ನು ಕೇಳಬಹುದಿತ್ತು. ಕೇಳಲಿಲ್ಲ.
ಅವರ ಬಳಿ ಉತ್ತರ ಇರುತ್ತದೆ, ಅದೇ ಭಯ.

ಸಿಟಿ ಬಸ್ಸಿನ ಕಂಬ ಹಿಡಿದು ನಿಂತು
ಕನಸು ಬಿದ್ದವರ ಲೆಕ್ಕ ಹಾಕಿದೆ:
ಅಣ್ಣನಿಗೆ ಮೋಸಮಾಡಿ ಓಡುತ್ತ, ಕಲ್ಲು ತಲೆಗಿಟ್ಟು ಮಲಗಿದ ಯಾಕೋಬ;
ಬಡಕಲು ಹಸು ಕಂಡು ಬೆವತ ಫರೋಹ;
ಬಂದ ದಾರಿ ಬಿಟ್ಟು ಬೇರೆ ದಾರಿ ಹಿಡಿದ ಮೂಡಣದ ಜೋಯಿಸರು;
ಪಿಲಾತನ ಹೆಂಡತಿ, ಹೆಸರೂ ಬರೆದಿಲ್ಲ ಅವಳದು,
ಅವನ ತಂಟೆ ಬೇಡ ಎಂದು ಗಂಡನಿಗೆ ಹೇಳಿಕಳಿಸಿದಳು,
ಗಂಡ ನೀರು ತರಿಸಿ ಕೈ ತೊಳೆದುಕೊಂಡ.
ಅರ್ಧಕ್ಕರ್ಧ ನಮ್ಮವರಲ್ಲ.
ಕನಸಿಗೆ ಸಭೆಯ ಸದಸ್ಯತ್ವ ಬೇಡವೆಂದಾಯಿತು.
ಹಾಗಾದರೆ ಆ ತಾಯಂದಿರು?

ಸೋಮವಾರ ನೈಟ್ ಡ್ಯೂಟಿ. ಮೆಗ್ಗಾನ್, ಹಸುಗೂಸುಗಳ ವಾರ್ಡು.
ವಾರ್ಮರಿನ ಕೆಂಪು ಕಾವಿನಡಿ
ಒಂದೊಂದು ಮಗು ಒಂದೊಂದು ಬನ್ನಿನಷ್ಟು.
ಶಿರಾಳಕೊಪ್ಪದ ಮುಬೀನಾ ಗಾಜಿನಾಚೆ ನಿಂತೇ ಇದ್ದಾಳೆ,
ನಾಲ್ಕನೇ ರಾತ್ರಿ. ಹೊಲಿಗೆ ಒಣಗಿಲ್ಲ, ಕಾಲು ಬಾತಿದೆ.
ಸಾವಿರದ ನಾನೂರು ಗ್ರಾಮಿನ ಮಗ.
ಮಲಗಮ್ಮ, ಎಂದೆ.
"ನಾನು ಕಣ್ಣು ಮುಚ್ಚಿದ್ರೆ
ಅವನು ಉಸಿರಾಡೋದು ಮರೀತಾನೆ ಸಿಸ್ಟರ್."

ಆಗ ಹೊಳೆಯಿತು,
ಗ್ಲೂಕೋಸ್ ಬಾಟಲಿ ಹಿಡಿದು ನಿಂತಲ್ಲೇ:
ಹಸುಗೂಸಿನ ತಾಯಿಗೆ ನಿದ್ದೆಯೆಲ್ಲಿ?
ಒಂದಕ್ಕೆ ಹಲ್ಲು ಬರುವ ಜ್ವರ, ಒಂದಕ್ಕೆ ಹೊಟ್ಟೆನುಲಿತ,
ಒಂದು ಸುಮ್ಮನೆ ಹಟ.
ಊರಿಗೆ ಊರೇ ತೊಟ್ಟಿಲು ತೂಗುತ್ತಿತ್ತು ಆ ರಾತ್ರಿ.
ದೂತ ಬಂದಿದ್ದ. ಮನೆಮನೆಗೂ ಬಂದಿದ್ದ.
ಒಳಹೋಗಲು ಅವನಿಗಿದ್ದದ್ದು ಒಂದೇ ಬಾಗಿಲು, ಮುಚ್ಚಿದ ರೆಪ್ಪೆ.
ಎಲ್ಲ ಕಣ್ಣೂ ತೆರೆದಿದ್ದವು.

ಇದು ಯಾವ ವ್ಯಾಖ್ಯಾನದಲ್ಲೂ ಇಲ್ಲ.
ಮೂರು ಗಂಟೆ ಜಾವದಲ್ಲಿ
ದಣಿದ ನರ್ಸಮ್ಮನ ತಲೆಗೆ ಬಂದದ್ದು.
ಸರಿಯಿದ್ದರೆ ಇನ್ನೂ ಕೆಟ್ಟದ್ದು,
ಪ್ರೀತಿಯೇ ಅಡ್ಡ ಬಂತೆಂದಾಗುತ್ತದಲ್ಲ.

ವರಾಂಡದಲ್ಲಿ ಚಾಪೆಯಿದೆ ಹೋಗು, ಎಂದೆ.
ನೀನು ಮಲಗು, ನಾನು ನೋಡ್ಕೋತೀನಿ.
ಕೈ ಹಿಡಿದು ಕರೆದೊಯ್ದೆ.
ಬುರ್ಖಾವನ್ನೇ ಹೊದ್ದು, ಗೋಡೆಗೆ ಮುಖ ಮಾಡಿ,
ಬಿದ್ದ ತಕ್ಷಣ ಗೊರಕೆ.

ನಾಲ್ಕೂವರೆಗೆ ಓಡಿಬಂದಳು, ತಲೆ ಕೆದರಿ, ಬರಿಗಾಲಲ್ಲಿ:
ಸಿಸ್ಟರ್, ಯಾರು ಕರೆದದ್ದು?
ಯಾರೂ ಕರೆದಿಲ್ಲ.
ಆದರೂ ನೋಡಿದೆ.
ಪುಟ್ಟ ಕೈಯ ಸೂಜಿ ಜಾರಿತ್ತು, ಹಾಸಿದ ಬಟ್ಟೆ ಒದ್ದೆ,
ಮಾನಿಟರ್ ಇನ್ನೂ ಏನೂ ಹೇಳಿರಲಿಲ್ಲ.
ಬೇರೆ ನರ ಹುಡುಕಿದೆ. ಸಿಕ್ಕಿತು.
ಇದಕ್ಕಿಂತ ಹೆಚ್ಚು ನಾನೇನೂ ಹೇಳುವುದಿಲ್ಲ.
ಅದೇ ಬೆಳಗ್ಗೆ ಏಳನೇ ವಾರ್ಮರಿನ ಮಗು ಹೋಯಿತು.
ಅದರ ತಾಯಿಯೂ ಮಲಗಿದ್ದಳು.

ಭಾನುವಾರ ಕೆಜಿಯಾ ಮತ್ತೆ ಮೊದಲ ಬೆಂಚಿನಲ್ಲಿ.
ನನಗೆ ಗೊತ್ತಿಲ್ಲ ಮರಿ, ಎಂದೆ.
ತಲೆಯಾಡಿಸಿದಳು, ದೊಡ್ಡವರ ಹಾಗೆ.
ಡಬ್ಬ ತಡಕಿ ಕಾಗದದ ದೂತನನ್ನು ತೆಗೆದು,
ನಿಂತವನ ನಡು ಮಡಚಿ,
ಬೋರ್ಡಿನ ಮೂಲೆಯಲ್ಲಿ, ಮನೆಗಳಾಚೆ,
ಕೂತಂತೆ ಅಂಟಿಸಿದಳು.

ಕಾಯ್ತಿದಾನೆ, ಎಂದಳು ಹಲ್ಲಿಲ್ಲದ ಬಾಯಲ್ಲಿ.
ಅವನಿಗೂ ನಿದ್ದೆ ಇಲ್ಲ.